ತಣ್ಣೀರು ಬಿದ್ದದ್ದು ಗೊತ್ತಾಗುತ್ತಾ?

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಮಾತು. ಇವತ್ತು ನಾನು ಮೂತ್ರ, ಮಲ, ಜನನಾಂಗ ಎಂಬ ಪದಗಳನ್ನು ಹಲವು ಸಲ ಹೇಳಬೇಕಾಗುತ್ತದೆ. ಈ ಗ್ರಂಥಾಲಯದಲ್ಲಿ ಮಕ್ಕಳಿದ್ದಾರೆ, ಅತ್ತೆ ಸೊಸೆಯರು ಪಕ್ಕಪಕ್ಕ ಕೂತಿದ್ದಾರೆ, ನನಗೆ ಪಾಠ ಹೇಳಿದ ಮೇಷ್ಟ್ರೂ ಇದ್ದಾರೆ. ಯಾರೂ ಎದ್ದು ಹೋಗಬೇಡಿ. ಸೊಂಟದಲ್ಲಿ ನರಗಳು ಅಮುಕಿಹೋಗಿ ಬರುವ ಒಂದು ಕಾಯಿಲೆಯ ಬಗ್ಗೆ ಹೇಳಲು ಬಂದಿದ್ದೇನೆ. ಅದು ಜನರನ್ನು ಹಾಳು ಮಾಡುವುದೇ ಈ ಪದಗಳನ್ನು ಬಾಯಿಬಿಟ್ಟು ಹೇಳಲಾಗದೆ ಸುಮ್ಮನಿದ್ದಾಗ.

15 ವರ್ಷಕ್ಕೂ ಹಿಂದಿನ ಮಾತು. ಆಗ ನಾನು ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಣ್ಣುಮಗಳು ತೋರಿಸಿಕೊಳ್ಳಲು ಬರುತ್ತಿದ್ದರು. ಮೂವತ್ತೆಂಟು ವಯಸ್ಸು. ಅನ್ನದ ದೊಡ್ಡ ಪಾತ್ರೆ ಒಲೆಯಿಂದ ಇಳಿಸುವಾಗ ಸೊಂಟದಲ್ಲಿ ಛಳಕ್ ಅಂದಿತ್ತಂತೆ. ಅಲ್ಲಿಂದ ಎಡಗಾಲಿನ ಹಿಂಭಾಗದುದ್ದಕ್ಕೂ ಸೆಳೆತ. ಮಾತ್ರೆ ಕೊಟ್ಟಿದ್ದೆ, ವ್ಯಾಯಾಮ ಹೇಳಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಮತ್ತೆ ಬಂದರು. ಹೊರಗೆ ಎಂಬತ್ತು ಜನರ ಸಾಲು. ಬಾಗಿಲು ತೆರೆದೇ ಇತ್ತು. ಪಕ್ಕದಲ್ಲಿ ಅವರ ಅತ್ತೆ ನಿಂತಿದ್ದರು.

"ಹೇಗಿದೆಯಮ್ಮಾ ನೋವು?"

"ನೋವು ಕಮ್ಮಿಯಾಗಿದೆ ಸಾರ್. ಎರಡೂ ಕಾಲು ಸ್ವಲ್ಪ ಜೋಮು ಹಿಡಿದ ಹಾಗಿದೆ."

ನೋವು ಕಮ್ಮಿಯಾಗಿದೆ ಎಂಬ ಮಾತು ಕೇಳಿ ನನಗೆ ಸಮಾಧಾನವಾಯಿತು. ಅದೇ ಮಾತ್ರೆ ಇನ್ನೊಂದು ವಾರಕ್ಕೆ ಬರೆದುಕೊಟ್ಟೆ. ಗುರುವಾರ ಅವರನ್ನು ಆಟೋದಲ್ಲಿ ಕರೆದುಕೊಂಡು ಬಂದರು. ಸೀರೆ ಒದ್ದೆಯಾಗಿತ್ತು. ಮೂತ್ರಚೀಲ ಹೊಕ್ಕುಳಿನವರೆಗೆ ಉಬ್ಬಿ ನಿಂತಿತ್ತು. ತುಂಬಿದ ಹಂಡೆಯಿಂದ ನೀರು ಚೆಲ್ಲುವ ಹಾಗೆ ಮೂತ್ರ ತಾನಾಗಿ ಸೋರುತ್ತಿತ್ತು, ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಆಪರೇಷನ್ ಆದ ಮೇಲೆ ಒಂದು ದಿನ ಅವರನ್ನು ಕೇಳಿದೆ, ಇದು ಯಾವತ್ತು ಶುರುವಾಯಿತಮ್ಮಾ ಅಂತ. ಅವರು ಗೋಡೆ ಕಡೆ ಮುಖ ಮಾಡಿ ಹೇಳಿದರು: "ಶನಿವಾರ ರಾತ್ರಿಯಿಂದ ಸಾರ್. ತೊಳ್ಕೊಳ್ಳುವಾಗ ನೀರು ಬಿದ್ದದ್ದೇ ಗೊತ್ತಾಗ್ಲಿಲ್ಲ. ಅದನ್ನ ನಿಮ್ಮ ಹತ್ರ ಹೇಗೆ ಹೇಳೋದು ಅಂತ ಸುಮ್ನಿದ್ದೆ."

ಅವರು ಹೇಳಲಿಲ್ಲ ನಿಜ. ಆದರೆ ಕೇಳಬೇಕಾದವನು ನಾನು. ನಾನು ಕೇಳಲಿಲ್ಲ. ಅವತ್ತಿನಿಂದ ಸೊಂಟ ನೋವು ಅಂತ ಬಂದ ಒಬ್ಬರನ್ನೂ ಆ ಪ್ರಶ್ನೆ ಕೇಳದೆ ಕಳಿಸಿಲ್ಲ: ತೊಳೆದುಕೊಳ್ಳುವಾಗ ತಣ್ಣೀರು ಬಿದ್ದದ್ದು ಗೊತ್ತಾಗುತ್ತಾ?

ಆ ಜಾಗದ ಸ್ಪರ್ಶಕ್ಕೂ ಸೊಂಟದ ಮೂಳೆಗೂ ಏನು ಸಂಬಂಧ ಅನ್ನಿಸಬಹುದು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೆದುಳಿನಿಂದ ಹೊರಟ ಬೆನ್ನುಹುರಿ ಬೆನ್ನುಮೂಳೆಯ ಕೊಳವೆಯಲ್ಲಿ ಕೆಳಗೆ ಇಳಿಯುತ್ತದೆ. ಆದರೆ ಬುಡದವರೆಗೂ ಬರುವುದಿಲ್ಲ. ಸೊಂಟದಲ್ಲಿ ಐದು ಮೂಳೆಗಳಿವೆ. ದೊಡ್ಡವರಲ್ಲಿ ಮೊದಲನೆಯ ಮತ್ತು ಎರಡನೆಯ ಮೂಳೆಯ ಹತ್ತಿರವೇ ಬೆನ್ನುಹುರಿ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಒಂದು ಕಟ್ಟು. ಹಿಂದಿನ ಕಾಲದ ಅಂಗರಚನಾ ತಜ್ಞರಿಗೆ ಅದು ಕುದುರೆಯ ಬಾಲದ ಹಾಗೆ ಕಂಡಿತು. ಲ್ಯಾಟಿನ್ ಭಾಷೆಯಲ್ಲಿ ಕಾಡಾ ಈಕ್ವಿನಾ ಅಂತ ಹೆಸರಿಟ್ಟರು. ಹಾಗೆಂದರೆ ಕುದುರೆ ಬಾಲ ಅಂತಲೇ ಅರ್ಥ. ಈ ಕಟ್ಟು ಒಟ್ಟಿಗೆ ಅಮುಕಿಹೋದಾಗ ಬರುವ ತೊಂದರೆಗೆ ಕಾಡಾ ಈಕ್ವಿನಾ ಸಿಂಡ್ರೋಮ್ ಅನ್ನುತ್ತಾರೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹೋಲಿಕೆ ಇದೆ. ಶಾವಿಗೆ ಪಾಯಸ ನೆನಪು ಮಾಡಿಕೊಳ್ಳಿ. ನೀರಿನಂಥ ದ್ರವದಲ್ಲಿ ಈ ನರಗಳು ಶಾವಿಗೆ ಎಳೆಗಳ ಹಾಗೆ ತೇಲುತ್ತಿರುತ್ತವೆ. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಸೂಜಿ ಹಾಕುತ್ತಾರಲ್ಲ, ಅದನ್ನು ಈ ಜಾಗಕ್ಕೇ ಹಾಕುವುದು. ಬೆನ್ನುಹುರಿ ಅಲ್ಲಿ ಇರುವುದಿಲ್ಲ. ಸೂಜಿ ಬಂದರೆ ನರದ ಎಳೆಗಳು ಸಾಮಾನ್ಯವಾಗಿ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಇಲ್ಲಿರುವ ತಾಯಂದಿರಲ್ಲಿ ಎಷ್ಟೋ ಜನ ನಿಮ್ಮ ಸೊಂಟ ನೋವಿಗೆಲ್ಲ ಆ ಸೂಜಿಯೇ ಕಾರಣ ಅಂದುಕೊಂಡಿದ್ದೀರಿ. ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೆ ಆ ಸೂಜಿ ಕಾರಣವಲ್ಲ. ಬಸಿರು, ಬಾಣಂತನ, ಮಗುವನ್ನು ಎತ್ತಿ ಆಡಿಸುವುದು, ನಿದ್ದೆಗೇಡು ಇವೇ ಜಾಸ್ತಿ ಕಾರಣ.

ಈ ಕಟ್ಟಿನಲ್ಲಿ ಕಾಲಿನ ನರಗಳು ಹೊರಗಿನ ಬದಿಗೆ ಇರುತ್ತವೆ. ತೀರಾ ಕೆಳಗೆ ಹೋಗಬೇಕಾದವು ನಡುಮಧ್ಯದಲ್ಲಿ. ಮೂತ್ರಚೀಲ, ಗುದದ್ವಾರ, ಜನನಾಂಗ ಇವುಗಳ ಕೆಲಸ ನಡೆಸುವುದು ಆ ಮಧ್ಯದ ಎಳೆಗಳೇ. ಮೂತ್ರ ಬಂದಿದೆ ಅನ್ನಿಸುವುದು, ತಡೆದುಕೊಳ್ಳುವುದು, ಬಿಡುವುದು ಎಲ್ಲ ಅವುಗಳದೇ ಕೆಲಸ. ಕೈಕಾಲಿನ ನರಗಳಿಗಿರುವಷ್ಟು ದಪ್ಪ ಹೊದಿಕೆ ಇವಕ್ಕಿಲ್ಲ.

ಇವನ್ನು ಅಮುಕುವುದು ಯಾವುದು? ಹೆಚ್ಚಾಗಿ ಡಿಸ್ಕು. ಎರಡು ಮೂಳೆಗಳ ನಡುವಿನ ಮೆತ್ತೆ ಅದು. ಹೋಳಿಗೆ ಇದ್ದ ಹಾಗೆ ಅಂದುಕೊಳ್ಳಿ. ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆತ್ತನೆಯ ಹೂರಣ. ವಯಸ್ಸಾದಂತೆ, ಭಾರ ಹೊತ್ತಂತೆ ಕಣಕದಲ್ಲಿ ಸಣ್ಣ ಬಿರುಕು ಬೀಳುತ್ತದೆ. ಒಂದು ದಿನ ಬಗ್ಗಿ ಏನೋ ಎತ್ತುವಾಗ, ಜೋರಾಗಿ ಸೀನಿದಾಗ, ಕೆಲವರಲ್ಲಿ ಏನೂ ಮಾಡದೆಯೂ, ಹೂರಣ ಹೊರಗೆ ಬರುತ್ತದೆ. ಡಿಸ್ಕ್ ಜಾರಿತು ಅನ್ನುತ್ತೇವೆ. ಅದು ಜಾರುವುದಿಲ್ಲ, ಒಡೆಯುತ್ತದೆ. ಎಲ್ 4 ಎಲ್ 5, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ, ಗ್ಯಾಪ್ ಬಂದಿದೆ ಅಂತಲೂ ಎಲ್ಲರ ಬಾಯಲ್ಲೂ ಇದೆ. ಗ್ಯಾಪೇನೂ ಬರುವುದಿಲ್ಲ, ಡಿಸ್ಕ್ ಸವೆದರೆ ಮೂಳೆಗಳ ನಡುವಿನ ಜಾಗ ಇನ್ನೂ ಕಿರಿದಾಗುತ್ತದೆ ಅಷ್ಟೆ. ಪದ ತಪ್ಪಿದ್ದರೂ ಜಾಗ ಮಾತ್ರ ಸರಿಯಾಗಿದೆ. ಡಿಸ್ಕ್ ತೊಂದರೆ ಹೆಚ್ಚಾಗಿ ಕಾಣುವುದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ.

ಇಷ್ಟು ತಿಳಿಯಲು ವೈದ್ಯರಿಗೂ ಬಹಳ ಕಾಲ ಬೇಕಾಯಿತು. ಆಪರೇಷನ್ ಮಾಡಿದಾಗ ಸಿಗುತ್ತಿದ್ದ ಈ ತುಣುಕನ್ನು ಮೃದ್ವಸ್ಥಿಯ ಗಡ್ಡೆ ಅಂತಲೇ ಅಂದುಕೊಂಡಿದ್ದರು. 1934ರಲ್ಲಿ ಅಮೆರಿಕದ ಬೋಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ಸರ್ಜನ್ನರು ಅದು ಗಡ್ಡೆಯಲ್ಲ, ಒಡೆದ ಡಿಸ್ಕಿನ ತುಣುಕು, ನರ ಅಮುಕುತ್ತಿರುವುದು ಅದೇ ಅಂತ ಬರೆದು ತೋರಿಸಿದರು.

ಹೂರಣ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಇಣುಕುತ್ತದೆ. ಆಗ ಒಂದು ನರಕ್ಕೆ ತಾಗಿ ಒಂದು ಕಾಲು ಸೆಳೆಯುತ್ತದೆ. ಅದೇ ಸಯಾಟಿಕಾ. ದೊಡ್ಡ ತುಣುಕು ನಟ್ಟನಡುವೆ ಬಂದು ಕೂತರೆ ಇಡೀ ಕಟ್ಟು ಅಮುಕುತ್ತದೆ. ಅದೇ ಇವತ್ತಿನ ಕಾಯಿಲೆ. ಕ್ಷಯ, ಕೀವು, ಗಡ್ಡೆ, ಅಪಘಾತದಲ್ಲಿ ಮುರಿದ ಮೂಳೆಯಿಂದಲೂ ಇದು ಬರಬಹುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವ ಹಾಗಿಲ್ಲ.

ನಿಮ್ಮನ್ನು ಹೆದರಿಸಿ ಕಳಿಸುವುದು ನನ್ನ ಉದ್ದೇಶ ಅಲ್ಲ. ಸೊಂಟ ನೋವು ನಮ್ಮೆಲ್ಲರಿಗೂ ಬರುತ್ತದೆ. ಬಹಳಷ್ಟು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹೊರಬಂದ ಡಿಸ್ಕ್ ತುಣುಕುಗಳಲ್ಲಿ ಮೂರರಲ್ಲಿ ಎರಡರಷ್ಟು ಆಪರೇಷನ್ ಇಲ್ಲದೆಯೇ ಕರಗುತ್ತವೆ ಅಥವಾ ಕುಗ್ಗುತ್ತವೆ. ಸ್ಕ್ಯಾನ್ ನೋಡಿ ಗಾಬರಿಯಾಗುವವರಿಗೆ ಇನ್ನೊಂದು ಲೆಕ್ಕ ಹೇಳುತ್ತೇನೆ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ನೋವೇ ಇಲ್ಲದ ಇಪ್ಪತ್ತು ವರ್ಷದವರಲ್ಲೂ 100ಕ್ಕೆ 37 ಜನರಿಗೆ ಡಿಸ್ಕ್ ಸವೆತ ಕಂಡಿತು. ಎಂಬತ್ತು ವರ್ಷದವರಲ್ಲಿ 100ಕ್ಕೆ 96. ಅಂದರೆ ರಿಪೋರ್ಟಿನಲ್ಲಿ ಸವೆತ ಅಂತ ಬರೆದಿದ್ದರೆ ಕೂದಲು ನರೆತಿದೆ ಅಂತ ಬರೆದ ಹಾಗೆ. ಅದಕ್ಕೇ ಕಂಗಾಲಾಗಬೇಡಿ.

ಕಾಡಾ ಈಕ್ವಿನಾ ಅಪರೂಪ. ಡಿಸ್ಕ್ ಆಪರೇಷನ್ ಆಗುವವರಲ್ಲೂ 100ರಲ್ಲಿ ಸುಮಾರು ಇಬ್ಬರಿಗೆ ಇದು ಇರುತ್ತದೆ. ಅಪರೂಪ ಎಂಬುದೇ ಇದರ ಅಪಾಯ. ಸೊಂಟ ನೋವಿನ ದೊಡ್ಡ ಸಂತೆಯಲ್ಲಿ ಇದು ಕಣ್ಣು ತಪ್ಪಿಸಿ ಹೋಗಿಬಿಡುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಇಂಗ್ಲಿಷ್ ಪುಸ್ತಕಗಳಲ್ಲಿ ಕುದುರೆಯ ಜೀನು ತಾಗುವ ಜಾಗದಲ್ಲಿ ಸ್ಪರ್ಶ ಹೋಗುತ್ತದೆ ಅಂತ ಬರೆದಿರುತ್ತಾರೆ. ನಮ್ಮಲ್ಲಿ ಎಷ್ಟು ಜನ ಕುದುರೆ ಹತ್ತಿದ್ದೇವೆ? ಸೈಕಲ್ ಸೀಟು ತಾಗುವ ಜಾಗ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿನ ಡಾಕ್ಟರು ಕಾಗದದಿಂದ ಒರೆಸಿಕೊಳ್ಳುವಾಗ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ನಾವು ನೀರು ಬಳಸುವವರು. ಅದು ಒಂದು ಲೆಕ್ಕದಲ್ಲಿ ನಮಗೆ ಅನುಕೂಲ. ನರ ಕೆಲಸ ಮಾಡುತ್ತಿದ್ದರೆ ತಣ್ಣೀರು ಸೋಕಿದ ಕೂಡಲೇ ಗೊತ್ತಾಗಬೇಕು. ದಿನಾ ಬೆಳಿಗ್ಗೆ ನಮಗೆ ಗೊತ್ತಿಲ್ಲದೆ ನಾವೇ ಮಾಡಿಕೊಳ್ಳುವ ಪರೀಕ್ಷೆ ಅದು. ನೀರು ಬಿದ್ದದ್ದು ತಿಳಿಯದಿದ್ದರೆ, ಒಂದು ಕಡೆ ತಿಳಿದು ಇನ್ನೊಂದು ಕಡೆ ತಿಳಿಯದಿದ್ದರೆ, ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ ಮಂಕಾಗಿದ್ದರೆ, ಅದು ಸುಮ್ಮನಿರುವ ವಿಷಯ ಅಲ್ಲ.

ಇನ್ನು ಮೂತ್ರ. ಪೂರ್ತಿ ಕಟ್ಟಿಕೊಳ್ಳುವ ತನಕ ಕಾಯಬೇಡಿ. ಅದಕ್ಕೂ ಮೊದಲೇ ಸಣ್ಣ ಸೂಚನೆಗಳು ಸಿಗುತ್ತವೆ. ಕೂತ ಮೇಲೆ ಬಹಳ ಹೊತ್ತಿಗೆ ಶುರುವಾಗುತ್ತದೆ. ಮುಕ್ಕಿ ಹೊರಗೆ ಹಾಕಬೇಕಾಗುತ್ತದೆ. ಧಾರೆ ಸಣ್ಣಗಾಗುತ್ತದೆ. ಬೆಳಿಗ್ಗೆಯಿಂದ ಹೋಗಿಲ್ಲ, ಆದರೂ ಹೋಗಬೇಕು ಅನ್ನಿಸುವುದೇ ಇಲ್ಲ. ಒಬ್ಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಸದ್ದು ಕೇಳಿಸ್ತದೆ ಸಾರ್, ಹೋಗೋದು ಗೊತ್ತಾಗೋದಿಲ್ಲ." ಮಲದ ವಿಷಯವೂ ಹಾಗೆಯೇ. ಗಂಡ ಹೆಂಡತಿ ಸೇರಿದಾಗ ಇದ್ದಕ್ಕಿದ್ದಂತೆ ಸ್ಪರ್ಶ ತಿಳಿಯದೆ ಹೋದರೆ, ಗಂಡಸರಿಗೆ ಉದ್ರೇಕ ನಿಂತುಹೋದರೆ, ಸೊಂಟ ನೋವಿನ ಜೊತೆಗೆ ಬಂದ ಆ ಬದಲಾವಣೆಯೂ ಈ ಕಾಯಿಲೆಯ ಗುರುತೇ.

ಕಾಲಿನ ಕಡೆಯೂ ನೋಡಿ. ಒಂದು ಕಾಲಿನ ಸೆಳೆತ ಎರಡೂ ಕಾಲಿಗೆ ಬಂದರೆ ಎಚ್ಚರ. ನಡೆಯುವಾಗ ಹವಾಯಿ ಚಪ್ಪಲಿ ತಾನಾಗಿ ಕಾಲಿನಿಂದ ಕಳಚಿ ಹಿಂದೆ ಉಳಿದು, ಅದು ಹೋದದ್ದೇ ತಿಳಿಯದಿದ್ದರೆ ಪಾದದ ಶಕ್ತಿ ಕಮ್ಮಿಯಾಗಿದೆ ಅಂತ ಅರ್ಥ. ಕೊನೆಯದಾಗಿ, ನನ್ನನ್ನು ಮೋಸಗೊಳಿಸಿದ ಆ ಮಾತು. ನೋವು ಕಮ್ಮಿಯಾಗಿ ಜೋಮು ಜಾಸ್ತಿಯಾಗುತ್ತಿದ್ದರೆ ಅದು ಗುಣವಾಗುವ ಲಕ್ಷಣ ಅಲ್ಲ. ನರ ಸೋಲುತ್ತಿರಬಹುದು. ನೋವನ್ನು ಮೇಲಕ್ಕೆ ತಿಳಿಸುವುದಕ್ಕೂ ಬದುಕಿರುವ ನರ ಬೇಕಲ್ಲ.

ಈ ಎಲ್ಲವೂ ಒಟ್ಟಿಗೆ ಬರಬೇಕು ಅಂತಿಲ್ಲ. ಸೊಂಟ ಅಥವಾ ಕಾಲು ನೋವು ಇರುವವರಿಗೆ ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಅದೇ ದಿನ ತೋರಿಸಬೇಕು. ನೋವಿನ ಕೆಲವು ಮಾತ್ರೆಗಳಿಂದಲೂ ಮೂತ್ರ ತಡವಾಗುತ್ತದೆ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ತೊಂದರೆ ಇರಬಹುದು. ಅದು ಯಾವುದು ಅಂತ ತೀರ್ಮಾನ ಮಾಡುವುದು ಆಸ್ಪತ್ರೆಯವರ ಕೆಲಸ. ಮನೆಯಲ್ಲಿ ಕೂತು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಬಾರ್ಲಿ ನೀರು ಕುಡಿದು ನೋಡೋಣ ಅಂತ ಎರಡು ದಿನ ಕಳೆಯಬೇಡಿ. ಬೆನ್ನು ತುಳಿಸಿಕೊಳ್ಳುವುದು, ಉಳುಕು ತೆಗೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಇವೆಲ್ಲ ಕೆಲವು ಕಡೆ ರೂಢಿಯಲ್ಲಿವೆ. ಮೂತ್ರ ಅಥವಾ ಸ್ಪರ್ಶದಲ್ಲಿ ಬದಲಾವಣೆ ಇದ್ದವರ ಬೆನ್ನಿಗೆ ಯಾರೂ ಕಾಲಿಡಬಾರದು.

ಆಸ್ಪತ್ರೆಯಲ್ಲಿ ಮೊದಲು ಆಗಬೇಕಾದದ್ದು ಸುಲಭದ ಕೆಲಸ. ಮೂತ್ರಕ್ಕೆ ಹೋಗಿ ಬಂದ ಕೂಡಲೇ ಅಲ್ಟ್ರಾಸೌಂಡ್‌ನಲ್ಲಿ ಒಳಗೆ ಎಷ್ಟು ಉಳಿದಿದೆ ಅಂತ ನೋಡುವುದು. 200 ಮಿಲಿ ಲೀಟರಿಗಿಂತ ಜಾಸ್ತಿ ಉಳಿದಿದ್ದರೆ ಅನುಮಾನ ಬಲವಾಗುತ್ತದೆ. ಕಮ್ಮಿ ಇದೆ ಅಂತ ಕಾಯಿಲೆ ಇಲ್ಲ ಅನ್ನುವ ಹಾಗೂ ಇಲ್ಲ. ಖಚಿತವಾಗುವುದು ಎಂಆರ್‌ಐನಲ್ಲಿ. ಎಕ್ಸ್‌ರೇಯಲ್ಲಿ ಡಿಸ್ಕೂ ಕಾಣದು, ನರವೂ ಕಾಣದು. ಎಕ್ಸ್‌ರೇ ನಾರ್ಮಲ್ ಇದೆ ಅಂತ ಯಾರಾದರೂ ಮನೆಗೆ ಕಳಿಸಿದರೆ ಇನ್ನೊಮ್ಮೆ ಕೇಳಿ. ಅಮುಕಿರುವುದು ಖಚಿತವಾದರೆ ತಡ ಮಾಡದೆ ಆಪರೇಷನ್ ಮಾಡಿ ಆ ತುಣುಕನ್ನು ತೆಗೆಯಬೇಕು.

ಎಷ್ಟು ಬೇಗ? 2000ರಲ್ಲಿ ಹಳೆಯ ವರದಿಗಳಲ್ಲಿದ್ದ 322 ರೋಗಿಗಳ ವಿವರ ಒಟ್ಟುಮಾಡಿದ ಒಂದು ಅಧ್ಯಯನ ಬಂತು. ಕಾಯಿಲೆ ಶುರುವಾದ 48 ಗಂಟೆಯೊಳಗೆ ಆಪರೇಷನ್ ಆದವರು ಆಮೇಲೆ ಆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. 48 ಗಂಟೆ ಎಂಬ ಗೆರೆಯ ಬಗ್ಗೆ ಸರ್ಜನ್ನರಲ್ಲಿ ಇಂದಿಗೂ ಚರ್ಚೆ ಇದೆ. 48 ಗಂಟೆ ಇದೆಯಲ್ಲ ಅಂತ ಕೂರುವುದು ತಪ್ಪು. ನನ್ನ ಮಟ್ಟಿಗೆ ಗಡಿಯಾರಕ್ಕಿಂತ ಮುಖ್ಯವಾದದ್ದು ಒಂದಿದೆ. ಮೂತ್ರ ಇನ್ನೂ ತಾನಾಗಿ ಹೋಗುತ್ತಿರುವಾಗಲೇ ಸಿಕ್ಕಿದವರು ಹೆಚ್ಚಾಗಿ ಚೇತರಿಸಿಕೊಳ್ಳುತ್ತಾರೆ. ಪೂರ್ತಿ ಕಟ್ಟಿದ ಮೇಲೆ ಬಂದವರ ದಾರಿ ಕಷ್ಟದ್ದು.

ಬ್ರಿಟನ್ನಿನಲ್ಲಿ ಅನುಮಾನ ಬಂದು ಡಾಕ್ಟರು ಬರೆದುಕೊಟ್ಟ 4 ಗಂಟೆಯೊಳಗೆ ಎಂಆರ್‌ಐ ಆಗಬೇಕು ಅಂತ 2023ರಲ್ಲಿ ನಿಯಮ ರೂಪಿಸಿದರು. ಸೊಂಟ ನೋವಿನವರ ಕೈಗೆ ಈ ಲಕ್ಷಣಗಳನ್ನು ಬರೆದ ಪುಟ್ಟ ಕಾರ್ಡನ್ನೂ ಕೊಡುತ್ತಾರೆ. ನಮ್ಮಲ್ಲಿ ತಾಲೂಕಿನಿಂದ ಜಿಲ್ಲೆಗೆ ಹೋಗುವುದಕ್ಕೇ ಎರಡು ಮೂರು ಗಂಟೆ ಬೇಕು. ಅದಕ್ಕೇ ನಮ್ಮಲ್ಲಿ ಮನೆಯವರು ಕಳೆಯುವ ಸಮಯ ಇನ್ನೂ ಅಮೂಲ್ಯ. ಶನಿವಾರ ಸಂಜೆಯಾದರೆ ಸೋಮವಾರ ನೋಡೋಣ ಅನ್ನಬೇಡಿ. 108ಕ್ಕೆ ಕರೆ ಮಾಡಿ. ಸೊಂಟ ನೋವು ಅಂತಷ್ಟೇ ಹೇಳಿದರೆ ನಿಮ್ಮನ್ನು ಸಾಲಿನಲ್ಲಿ ಕೂರಿಸುತ್ತಾರೆ. ಹೀಗೆ ಹೇಳಿ: ಸೊಂಟ ನೋವಿನ ಜೊತೆ ಮೂತ್ರ ಸರಿಯಾಗಿ ಹೋಗುತ್ತಿಲ್ಲ, ಕೆಳಗೆ ಸ್ಪರ್ಶ ಇಲ್ಲ. ಈ ಮಾತು ಕೇಳಿದ ಯಾವ ಡಾಕ್ಟರೂ ಕೂತಲ್ಲಿ ಕೂರುವ ಹಾಗಿಲ್ಲ.

ವಯಸ್ಸಾದವರಿಗೆ ಬರುವ ಇನ್ನೊಂದು ತೊಂದರೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ದೂರ ನಡೆದರೆ ಕಾಲು ಭಾರ, ಕೂತರೆ ಆರಾಮ. ನೆಟ್ಟಗೆ ನಡೆಯಲು ಆಗದು, ತಳ್ಳುಗಾಡಿ ಹಿಡಿದು ಬಗ್ಗಿ ನಡೆದರೆ ಎಷ್ಟು ದೂರ ಬೇಕಾದರೂ ಹೋಗಬಹುದು. ಅದು ಬೆನ್ನುಮೂಳೆಯ ಕೊಳವೆ ನಿಧಾನವಾಗಿ ಕಿರಿದಾಗುವುದರಿಂದ ಬರುವುದು. ಹಾಲೆಂಡಿನ ಹೆಂಕ್ ವರ್ಬೀಸ್ಟ್ 1954ರಲ್ಲಿ ಇದರ ಬಗ್ಗೆ ಬರೆದು ವೈದ್ಯರ ಗಮನ ಸೆಳೆದರು. ಇದು ವರ್ಷಗಳಲ್ಲಿ ಬೆಳೆಯುವ ಕಾಯಿಲೆ, ಯೋಚಿಸಲು ಸಮಯ ಇರುತ್ತದೆ. ಇದರ ಜೊತೆಗೂ ಮೂತ್ರದ ಬದಲಾವಣೆ ಬಂದರೆ ಮಾತ್ರ ಮೇಲಿನದೇ ನಿಯಮ.

ಆ ಹೆಣ್ಣುಮಗಳ ಕಥೆಗೆ ವಾಪಸ್ ಬರುತ್ತೇನೆ. ಕಾಲುಗಳು ಆರೇಳು ತಿಂಗಳಲ್ಲಿ ಸರಿಹೋದವು. ಮೂತ್ರ ಸರಿಹೋಗಲಿಲ್ಲ. ಅವರೇ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ಕಲಿತರು. ದಿನಕ್ಕೆ ಐದು ಸಲ. ಈ ವಿಧಾನವನ್ನು ಬಳಕೆಗೆ ತಂದವರು ಅಮೆರಿಕದ ಜಾಕ್ ಲ್ಯಾಪಿಡಿಸ್, 1972ರಲ್ಲಿ. ಅದರಿಂದ ಅದೆಷ್ಟೋ ಜನರ ಕಿಡ್ನಿ ಉಳಿದಿದೆ. ಆದರೆ ಕೊಳವೆ ಹಾಕಿಕೊಳ್ಳಲು ಶುಚಿಯಾದ ಶೌಚಾಲಯ ಬೇಕು, ಬೆಳಕು ಬೇಕು, ಬಾಗಿಲಿಗೆ ಚಿಲಕ ಬೇಕು. ಅವರು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು. ಬಸ್ಸಿನಲ್ಲಿ ದೂರ ಹೋಗುವುದನ್ನು ಬಿಟ್ಟರು. ಬಿಸಿಯೂಟದ ಕೆಲಸ ಮಾತ್ರ ಬಿಡಲಿಲ್ಲ, ಈಗ ಭಾರ ಎತ್ತುವ ಕೆಲಸ ಬೇರೆಯವರು ಮಾಡಿಕೊಡುತ್ತಾರೆ. ಸೋಮವಾರ ನಾನು ಒಂದು ಪ್ರಶ್ನೆ ಕೇಳಿದ್ದರೆ ಅವರ ಬದುಕು ಬೇರೆ ಥರ ಇರುತ್ತಿತ್ತೇನೋ. ಆ ಯೋಚನೆ ನನ್ನನ್ನು ಬಿಟ್ಟಿಲ್ಲ.

ಹಾಗಾಗಿ ಡಾಕ್ಟರುಗಳಿಗೂ ನನ್ನ ಬಿನ್ನಹ ಇದೆ. ಬಾಗಿಲು ಮುಚ್ಚಿ. ಜೊತೆಗೆ ಬಂದವರನ್ನು ಎರಡು ನಿಮಿಷ ಹೊರಗೆ ಕಳಿಸಿ. ಕೇಳಿ. ಫಿಸಿಯೋಥೆರಪಿಯವರು, ಆಶಾ ಕಾರ್ಯಕರ್ತೆಯರು, ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಡುವವರು ಕೂಡ ಕೇಳಬಹುದು. ಅದಕ್ಕೆ ಡಿಗ್ರಿ ಬೇಕಿಲ್ಲ.

ಮಾತು ಮುಗಿದ ಮೇಲೆ ಒಂದಷ್ಟು ಪ್ರಶ್ನೆಗಳು ಬಂದವು. ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: "ಸಕ್ಕರೆ ಕಾಯಿಲೆಯವರಿಗೂ ಜೋಮು ಇರುತ್ತಲ್ಲ ಸಾರ್, ವ್ಯತ್ಯಾಸ ಹೇಗೆ ಗೊತ್ತು ಮಾಡೋದು?" ಒಳ್ಳೆಯ ಪ್ರಶ್ನೆ. ಸಕ್ಕರೆ ಕಾಯಿಲೆಯ ಜೋಮು ಕಾಲ್ಬೆರಳಿನಿಂದ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ, ವರ್ಷಗಳಲ್ಲಿ ಮೇಲಕ್ಕೆ ಏರುತ್ತದೆ. ಇದು ಸಾಮಾನ್ಯವಾಗಿ ಗಂಟೆಗಳಲ್ಲಿ, ದಿನಗಳಲ್ಲಿ, ಕೂರುವ ಜಾಗಕ್ಕೇ ಬರುತ್ತದೆ.

ಹಿಂದಿನ ಸಾಲಿನಲ್ಲಿದ್ದ ಅಡಿಕೆ ಬೆಳೆಗಾರರೊಬ್ಬರು ಎಲ್ಲರೂ ಎದ್ದ ಮೇಲೆ ಹತ್ತಿರ ಬಂದರು. ಅವರ ತಮ್ಮನಿಗೆ ಒಂದು ತಿಂಗಳಿಂದ ಬಲಗಾಲು ಸೆಳೆತ. ಮೊನ್ನೆಯಿಂದ ಎಡಗಾಲೂ ಸೆಳೆಯುತ್ತಿದೆ. ಉಳಿದದ್ದೇನೂ ಹೇಳಿಲ್ಲ. "ಏನು ಮಾಡಲಿ ಸಾರ್?"

ಎರಡೂ ಕಾಲಿಗೆ ಬಂದಿದ್ದರೆ ತಡ ಮಾಡದೆ ತೋರಿಸಬೇಕು ಅಂದೆ. ಅದಕ್ಕೂ ಮೊದಲು ಇವತ್ತೇ ಕೇಳಿ. ಮೂತ್ರ ಹೇಗೆ ಹೋಗುತ್ತಿದೆ, ನೀರು ಬಿದ್ದದ್ದು ಗೊತ್ತಾಗುತ್ತಾ. ಒಂದರಲ್ಲಾದರೂ ಬದಲಾವಣೆ ಇದೆ ಅಂದರೆ ರಾತ್ರಿಯೇ ಹೊರಡಿ. ಎರಡೂ ಸರಿ ಇದ್ದರೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ.

ಅವರು ಗ್ರಂಥಾಲಯದ ಜಗಲಿಗೆ ಹೋಗಿ ನಿಂತು ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದರು. ಊಟ ಆಯ್ತಾ, ಮಳೆ ಬಂತಾ ಅಂತ ವಿಚಾರಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. ಸುತ್ತ ಒಮ್ಮೆ ನೋಡಿದರು. ದನಿ ತಗ್ಗಿಸಿ ಕೇಳಿಯೇ ಕೇಳಿದರು.